ನಡುಮನೆ ರೂಮಿನ ದನಿ

ನಂಬುವವರು ನಂಬಿ, ಬಿಡುವವರು ಬಿಡಿ. ದೆವ್ವದ ಕಥೆ ಶುರುವಾದರೆ ನಕ್ಕು ಎದ್ದು ಹೋಗುತ್ತಿದ್ದವನು ನಾನು. ಆದರೆ ತಿಪಟೂರಿನ ನಮ್ಮ ಸ್ವಂತ ಮನೆಯಲ್ಲಿ ಕಿವಿಯಾರೆ ಕೇಳಿದ್ದನ್ನು ಸುಳ್ಳು ಅನ್ನಲು ನನ್ನಿಂದ ಆಗುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು. ಕೊಬ್ಬರಿ ಹರಾಜಿಗೆ ಹಿಂದಿನ ದಿನವೇ ಬರುವ ರೈತರು ಅಂಗಡಿ ಜಗಲಿಗಳ ಮೇಲೆ ಚಳಿಯಲ್ಲಿ ಮಲಗುತ್ತಿದ್ದರು. ನಮ್ಮ ಅಷ್ಟು ದೊಡ್ಡ ಮನೆಯಲ್ಲಿ ನಾನು, ಹೆಂಡತಿ ರತ್ನ ಇಬ್ಬರೇ. ಮುಂದಿನ ಎರಡು ಅಂಕಣದಷ್ಟು ಜಾಗ ನಮಗಿಟ್ಟುಕೊಂಡು, ಉಳಿದದ್ದಕ್ಕೆ ಗೋಡೆ ಎಬ್ಬಿಸಿ ಲಾಡ್ಜ್ ಮಾಡಿದೆ. ಅಡುಗೆಮನೆ ಒಡೆಸಿ ಬಚ್ಚಲು ಕಟ್ಟಿಸಿದೆ. ನಮಗೆ ಒಂದು ಸೀಮೆಎಣ್ಣೆ ಸ್ಟೌವ್ ಸಾಕಾಗಿತ್ತು. ಗಿರಾಕಿಗಳ ಊಟ ಹೊರಗೆ, ಹೋಟೆಲಿನಲ್ಲಿ.

ಶುರುವಾದ ಮೊದಲ ವಾರವೇ ಶೆಟ್ಟಿಕೆರೆಯ ರೈತನೊಬ್ಬ ಬೆಳಿಗ್ಗೆ ಹೊರಡುವಾಗ ಹೇಳಿದ. "ನಿಮ್ಮವ್ವ ಒಳ್ಳೇರು ಕಣ್ರೀ. ರಾತ್ರಿ ಬಾಗ್ಲತ್ರ ನಿಂತು, ಉಂಡ್ಯೇನಪ್ಪಾ ಅಂತ ಕೇಳುದ್ರು. ಉಂಡಿವ್ನಿ ಕಣವ್ವ ಅಂದೆ, ಸುಮ್ನೆ ಹೋದ್ರು."

ಅವ್ವ ಸತ್ತು ಆಗಲೇ ಎರಡು ವರ್ಷವಾಗಿತ್ತು...

ಅವನು ಮಲಗಿದ್ದು ನಡುಮನೆಯನ್ನು ಅಡ್ಡಗೋಡೆ ಹಾಕಿ ಮಾಡಿದ ರೂಮಿನಲ್ಲಿ. ಆಮೇಲೆ ಅಲ್ಲಿ ಮಲಗಿದ ಇನ್ನೂ ಕೆಲವರು ಅದನ್ನೇ ಹೇಳಿದರು. ಅದೇ ದನಿ, ಅದೇ ಪ್ರಶ್ನೆ. ನನಗೆ ಮಾತ್ರ ಒಂದು ದಿನವೂ ಕೇಳಿಸಲಿಲ್ಲ.

ಅವ್ವ ಯಾರನ್ನು ಹುಡುಕುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು.

ನಾನಿನ್ನೂ ಚಡ್ಡಿ ಹಾಕುತ್ತಿದ್ದ ಕಾಲದ ಮಾತು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು, ಆಮೇಲೇ ಒಡೆಯುವುದು. ಅಪ್ಪ ಊರಲ್ಲಿ ಇಲ್ಲದಾಗ ಅಣ್ಣ ಶಿವಣ್ಣ, ಅಪ್ಪನ ಕೈಲಿ ಶಭಾಷ್ ಅನ್ನಿಸಿಕೊಳ್ಳುವ ಆಸೆಗೆ ಅಟ್ಟದ ಕಾಯನ್ನೆಲ್ಲ ಇಳಿಸಿ ಒಡೆಸಿಬಿಟ್ಟ. ಒಳಗೆ ನೀರು ಕುಲುಕಿದ್ದನ್ನೇ ಕೊಬ್ಬರಿ ಸದ್ದು ಅಂದುಕೊಂಡಿದ್ದ. ಹಸಿ ಕೊಬ್ಬರಿ ಚಿಪ್ಪಿಗೇ ಅಂಟಿಕೊಂಡು, ಬೂಷ್ಟು ಹಿಡಿದು, ವರ್ಷದ ಫಸಲು ಮಣ್ಣುಪಾಲಾಯಿತು.

ಅಪ್ಪ ವಾಪಸ್ ಬಂದ ದಿನ ಸಂಜೆ ನಡುಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಒಂದೇ ಮಾತು ಅಂದರು. "ಕಾಯಿ ಅಲ್ಲಾಡ್ಸಿ ನೋಡಕ್ಕೆ ಬರ್ದೋನಿಗೆ ಮುದ್ದೆ ಬೇರೆ ಕೇಡು."

ಅಣ್ಣ ಮುರಿದ ತುತ್ತನ್ನು ತಟ್ಟೆಗೇ ಬಿಟ್ಟು ಎದ್ದು ಹೋದ. ಹೋದವನು ಬರಲೇ ಇಲ್ಲ.

ಉಂಡ ಜಾಗವನ್ನು ಸಗಣಿ ನೀರಲ್ಲಿ ಸಾರಿಸುವುದು ನಮ್ಮ ಮನೆಯ ಪದ್ಧತಿ. ಅವ್ವ ಅವತ್ತು ಅಣ್ಣ ಕೂತಿದ್ದ ಜಾಗ ಸಾರಿಸಲಿಲ್ಲ. "ಹೊರಗೋದೋರ ಹಿಂದೇನೇ ಸಾರಿಸ್ಬಾರ್ದು ಕಣ್ಲಾ, ಅವ್ನಿನ್ನೂ ಉಂಡಿಲ್ಲ" ಅಂದಳು. ಆಮೇಲೂ ಸಾರಿಸಲಿಲ್ಲ. ಕೊನೆಗಾಲದಲ್ಲಿ ನನ್ನ ಕೈಯಿಂದಲೇ ಗಂಜಿ ಕುಡಿಯುತ್ತಿದ್ದಳು, ಕಣ್ಣು ಮಾತ್ರ ಬಾಗಿಲ ಮೇಲೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಲಾಡ್ಜ್ ಶುರುವಾಗಿ ಒಂದು ವರ್ಷ ಆಗಿರಬೇಕು. ಕರೆಂಟು ಹೋಗಿದ್ದ ಒಂದು ರಾತ್ರಿ, ಗಡ್ಡ ಬಿಟ್ಟ ವಯಸ್ಸಾದವನೊಬ್ಬ ಬಂದ. ಕಂಬಳಿ ಹೊದ್ದಿದ್ದ, ಕೈಯಲ್ಲಿ ಚೀಲವೂ ಇರಲಿಲ್ಲ.

"ಯಾವೂರ್ ಯಜಮಾನ್ರೇ?" ಅಂದೆ.

"ಊರು ಅಂತ ಏನೂ ಇಲ್ಲ ಕಣಪ್ಪ. ಒಂದ್ ರಾತ್ರಿ ಮಲೀಕಂಡು ಹೋಗ್ತೀನಿ."

ಹೆಸರನ್ನು ಬೆಳಿಗ್ಗೆ ಕೇಳಿದರಾಯಿತು ಅಂದುಕೊಂಡೆ. ಲಾಟೀನು ಹಿಡಿದು ರೂಮು ತೋರಿಸಲು ಎದ್ದರೆ, ಅವನೇ ಕತ್ತಲಲ್ಲಿ ಮುಂದೆ ನಡೆದ. ನಡುಮನೆಯ ಹೊಸ್ತಿಲಲ್ಲಿ ತಲೆ ಬಗ್ಗಿಸಿದ. ಆ ಬಾಗಿಲ ತೊಲೆ ತಗ್ಗು, ಹೊಸಬರೆಲ್ಲ ಹಣೆ ಹೊಡೆಸಿಕೊಳ್ಳುವ ಜಾಗ ಅದು. ನಿದ್ದೆಗಣ್ಣಲ್ಲಿ ನನಗೆ ಏನೂ ಹೊಳೆಯಲಿಲ್ಲ.

ನಡುರಾತ್ರಿ ರತ್ನ ನನ್ನನ್ನು ಅಲ್ಲಾಡಿಸಿದಳು. "ರೀ... ಹುರುಳಿಕಾಳು ಸಾರಿನ ವಾಸ್ನೆ ಬರ್ತೈತಲ್ರೀ..."

ಹೌದು. ಬಿಸಿ ಮುದ್ದೆ, ಹುರುಳಿ ಸಾರು, ಸೌದೆ ಹೊಗೆ. ಆ ಮನೆಯಲ್ಲಿ ಸೌದೆ ಒಲೆಯೇ ಇರಲಿಲ್ಲ.

ಕಂಚಿನ ತಟ್ಟೆ ನೆಲಕ್ಕೆ ತಾಗಿದ ಸದ್ದು... ಆಮೇಲೆ ಗಂಡಸಿನ ದನಿ, ಬಹಳ ಮೆಲ್ಲಗೆ.

"ಇಲ್ಲ ಕಣವ್ವ... ಉಂಡಿಲ್ಲ."

ನಾನು ಎದ್ದು ಹೋಗಿ ಬಾಗಿಲ ಮುಂದೆ ನಿಂತೆ. ಒಳಗೆ ಆ ಮನುಷ್ಯ ಬಿಕ್ಕುತ್ತ ಉಣ್ಣುತ್ತಿದ್ದ. ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಭಯ ಎಷ್ಟೋ, ಊಟದ ಮಧ್ಯೆ ಅವನು ಮತ್ತೆ ಎದ್ದುಬಿಟ್ಟಾನು ಎಂಬ ಅಳುಕೂ ಅಷ್ಟೇ.

ಬೆಳಿಗ್ಗೆ ನೋಡಿದರೆ ಬಾಗಿಲು ತೆರೆದಿತ್ತು. ಮನುಷ್ಯ ಇಲ್ಲ. ಹಾಸಿಗೆ ಮಡಿಸಿದ್ದು ಮಡಿಸಿದಂತೇ ಇತ್ತು. ಲಾಡ್ಜ್ ಮಾಡುವಾಗ ಹಾಕಿಸಿದ ಸಿಮೆಂಟು ನೆಲದ ಮೇಲೆ, ಗೋಡೆ ಪಕ್ಕ, ಒಬ್ಬರು ಕೂತು ಉಣ್ಣುವಷ್ಟು ಜಾಗ ಸಗಣಿಯಿಂದ ಸಾರಿಸಿತ್ತು. ಇನ್ನೂ ಹಸಿಯಾಗಿತ್ತು.

ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಹೊನ್ನವಳ್ಳಿ ರಸ್ತೆ ಎಲ್ಲ ಹುಡುಕಿದೆ. ಅಂಥವನನ್ನು ಕಂಡವರೇ ಇಲ್ಲ. ಬಂದವನು ಅಣ್ಣನೇ? ಬದುಕಿದ್ದು ಬಂದನೋ, ಸತ್ತು ಬಂದನೋ? ಇವತ್ತಿಗೂ ತಿಳಿಯದು.

ಅವತ್ತಿನಿಂದ ಯಾವ ಗಿರಾಕಿಗೂ ಆ ದನಿ ಕೇಳಿಸಿಲ್ಲ. "ಅತ್ತೆ ಜೀವಕ್ಕೆ ನೆಮ್ಮದಿ ಆಯ್ತು ಬುಡಿ" ಅನ್ನುತ್ತಾಳೆ ರತ್ನ. ಆಗಿರಬಹುದು. ನನಗೆ ಆಗಿಲ್ಲ.

ಒಮ್ಮೆ ರತ್ನ ತವರಿಗೆ ಹೋಗಿದ್ದಾಗ, ಲಾಡ್ಜ್ ಖಾಲಿ ಇದ್ದ ದಿನ, ಬೇಕೆಂದೇ ಉಪವಾಸವಿದ್ದು ಆ ರೂಮಿನಲ್ಲಿ ದೀಪ ಆರಿಸಿ ಕೂತೆ. ಬಹಳ ಹೊತ್ತು ಕಾದೆ. ಕೊನೆಗೆ ನಾನೇ ಬಾಯಿಬಿಟ್ಟೆ.

"ಅವ್ವಾ... ನಾನು ಕಣವ್ವ, ಚಿಕ್ಕೋನು. ನಾನೂ ಉಂಡಿಲ್ಲ."

ಬೆಳಗಾಗುವವರೆಗೂ ಕೂತಿದ್ದೆ. ಯಾರೂ ಏನೂ ಕೇಳಲಿಲ್ಲ.