ಚೈತ್ರ ಕೂರಿಸಿದ ಸ್ಟೇರಿಂಗು

ನಿಂಗರಾಜು ಚೈತ್ರಳನ್ನು ಮೊದಲ ಸಲ ನೋಡಿದ್ದು ಕನ್ನಂಬಾಡಿ ಹಿನ್ನೀರಿನ ದಡದಲ್ಲಿ, ಆಯುಧಪೂಜೆ ಹತ್ತಿರವಿದ್ದಾಗ. ಬೆಳಗಿನ ಬಿಸಿಲು ಆಗಷ್ಟೇ ಏರುತ್ತಿತ್ತು. ಪಾಂಡವಪುರದ ಬಸ್ಸಿಳಿದು ಬಂದವಳ ಒಂದು ಕೈಯಲ್ಲಿ ಟೂಲ್ ಬ್ಯಾಗು, ಇನ್ನೊಂದರಲ್ಲಿ ಊಟದ ಡಬ್ಬಿ. ಬ್ಯಾಗು ಇಳಿಸಿದವಳೇ ಲೈಫ್ ಜಾಕೆಟ್ ಕೇಳಿ ತೊಟ್ಟುಕೊಂಡಳು. ಅವಳು ಹೊಸ ಸ್ಟೇರಿಂಗು ಕೂರಿಸಬೇಕಿದ್ದ ದೋಣಿ ಇನ್ನೂ ಮಣ್ಣಿನ ಮೇಲೇ ಇತ್ತು.

“ನೀರು ಇನ್ನೂ ಅಲ್ಲೈತೆ ಕಣವ್ವ, ಈಗ್ಲೇ ಯಾಕೆ?” ಎಂದ ನಿಂಗರಾಜು.

“ನಮ್ಮೂರು ಬಿಂಡಿಗನವಿಲೆ ಕಣಣ್ಣ. ಮಳೆ ಬಂದ್ರೇನೆ ನೀರು ಕಾಣೋದು. ನಂಗೆ ಈಜು ಬರಲ್ಲ.”

“ಈಜು ಬರ್ದೆ ದೋಣಿ ರಿಪೇರಿಗೆ ಬಂದಿದ್ದೀಯಾ!”

“ನೀವು ಡಾಕ್ಟ್ರ ಹತ್ರ ಹೋದಾಗ, ಅವ್ರಿಗೂ ಜ್ವರ ಐತಾ ಅಂತ ಕೇಳ್ತೀರಾ?”

ನಿಂಗರಾಜುವಿಗೆ ಆ ಉತ್ತರ ಹಿಡಿಸಿತು. ಅವನದು ನೀರಿಗೆ ಬಿದ್ದವರನ್ನು ಎತ್ತುವ ಈಜುಗಾರರ ತಂಡ. ವರ್ಷಗಳಿಂದ ಅದರ ದೋಣಿ ಓಡಿಸುತ್ತಿದ್ದವನು ಅವನೇ. ಒಮ್ಮೆ ಮುಳುಗುತ್ತಿದ್ದವನನ್ನು ಎಳೆಯುವಾಗ ಬಲಭುಜದ ಕೀಲು ತಪ್ಪಿ, ಹಳೆಯ ಬಿಗಿ ಸ್ಟೇರಿಂಗು ತಿರುಗಿಸಲು ಆಗದಂತಾಗಿತ್ತು. ತಂಡದ ಮುಖ್ಯಸ್ಥ ಶಿವಶಂಕರ್ ಬಾಲ್ಯದ ಗೆಳೆಯ, ಆದರೂ ಖಡಾಖಂಡಿತವಾಗಿ ಹೇಳಿದ್ದ: “ಹೊಸ ಸ್ಟೇರಿಂಗು ನಿನ್ ಕೈಗೆ ಒಗ್ಗಿದ್ರೆ ಸರಿ. ಇಲ್ದಿದ್ರೆ ಹಬ್ಬ ಆದ್ಮೇಲೆ ನಮ್ ತಂಡದ ದೇವರಾಜು ಓಡಿಸ್ತಾನೆ ಕಣ್ಲಾ. ನೀರಲ್ಲಿ ಇರೋನ ಜೀವ ನಿನ್ ಆಸೆಗಿಂತ ದೊಡ್ಡದು.”

ಚೈತ್ರ ಸ್ಟೇರಿಂಗಿನ ಹಳೆಯ ಕೇಬಲನ್ನು ಬಿಚ್ಚಿ ಎಳೆದು ಬಿಸಾಡಿದಳು. ಅದರ ಜಾಗದಲ್ಲಿ ಬಂದದ್ದು ಬೆರಳಿನಷ್ಟು ದಪ್ಪದ ವೈರು, ಜೊತೆಗೆ ಸ್ಟೇರಿಂಗಿಗೆಂದೇ ಒಂದು ಹೊಸ ಬ್ಯಾಟರಿ.

“ಚಕ್ರಕ್ಕೂ ಇಂಜಿನ್ನಿಗೂ ಸಂಬಂಧಾನೇ ಇಲ್ವಲ್ಲವ್ವ! ಹೆಂಗೆ ತಿರುಗುತ್ತೆ?”

ಅವಳು ಬಾಯಲ್ಲಿ ವಿವರಿಸಲು ಹೋಗಲಿಲ್ಲ. ಅವನ ಎಡಗೈಯನ್ನು ದೋಣಿಯ ಹಿಂಬದಿಗೆ ತಗುಲಿಸಿದ್ದ ಇಂಜಿನ್ನಿನ ಮೇಲೆ ಇಡಿಸಿ, ತಾನು ಮುಂದೆ ಕೂತು ಚಕ್ರವನ್ನು ಮೆಲ್ಲಗೆ ತಿರುಗಿಸಿದಳು. ಅಂಗೈ ಕೆಳಗೆ ಇಡೀ ಇಂಜಿನ್ನು ಸದ್ದಿಲ್ಲದೆ ಹೊರಳಿತು. ಆಮೇಲೆ ಹೇಳಿದಳು: “ಚಕ್ರ ಎಷ್ಟು ತಿರುಗ್ತು ಅನ್ನೋ ಸುದ್ದಿ ವೈರಲ್ಲಿ ಹೋಗುತ್ತೆ. ಇಲ್ಲಿರೋ ಪುಟ್ಟ ಕಂಪ್ಯೂಟರು ಅದನ್ನ ಓದಿ ಈ ಮೋಟರಿಗೆ ಹೇಳುತ್ತೆ. ಇಂಜಿನ್ ತಿರುಗಿಸೋದು ಮೋಟರು. ನಿಮ್ಮ ಭುಜದ ಕೆಲ್ಸ ಅದು ಮಾಡುತ್ತೆ. ನೀವು ದಾರಿ ತೋರಿಸಿದ್ರೆ ಸಾಕು.”

“ದೋಣಿ ಜೋರಾಗಿ ಹೋಗ್ತಾ ಕೈ ಜಾಸ್ತಿ ತಿರುಗಿಬುಟ್ರೆ?”

“ಜೋರಾದಷ್ಟೂ ಕಂಪ್ಯೂಟರು ಚಕ್ರಾನ ಬಿಗಿ ಮಾಡುತ್ತೆ. ನಿಧಾನಕ್ಕೆ ಹೋಗುವಾಗ ಹಗುರ.”

ಹಬ್ಬದ ದಿನ ನಿಂಗರಾಜು ದೋಣಿಯನ್ನು ತೊಳೆದು, ಕುಂಬಳಕಾಯಿ ಒಡೆದು, ದೋಣಿಯ ಚಪ್ಪರದ ಸುತ್ತ ಸೀರಿಯಲ್ ಸೆಟ್ ದೀಪ ಬಿಟ್ಟ. ಮಾರನೆಯ ಬೆಳಿಗ್ಗೆ ಪರೀಕ್ಷೆ. ಶಿವಶಂಕರ್ ಪಕ್ಕದಲ್ಲೇ ಕೂತ. ಮುಳುಗುವವನ ಬದಲಿಗೆ ನೀರಿನಲ್ಲಿ ತೇಲಿಬಿಟ್ಟಿದ್ದ ಖಾಲಿ ಡ್ರಮ್ಮಿನ ಕಡೆ ಚಕ್ರ ತಿರುಗಿಸಿದರೆ ದೋಣಿ ತಡವಾಗಿ ಹೊರಳಿತು, ಸ್ಟೇರಿಂಗಿನ ಎಚ್ಚರಿಕೆಯ ಬಜರು ಕಿರುಚಿತು, ಡ್ರಮ್ಮು ಪಕ್ಕಕ್ಕೆ ಸರಿದುಹೋಯಿತು.

“ಕೈ ಹೋಯ್ತು ಕಣ್ಲಾ ನಿಂದು,” ಎಂದ ಶಿವಶಂಕರ್ ಮೆತ್ತಗೆ. ನಿಂಗರಾಜುವಿಗೂ ಹಾಗೇ ಅನ್ನಿಸಿತು. ಅವನು ದೋಣಿಯನ್ನು ದಡದ ಕಡೆ ತಿರುಗಿಸಿದ.

ದಡದಲ್ಲಿದ್ದ ಚೈತ್ರ ಬಜರಿನ ಸದ್ದು ಕೇಳಿಯೇ ಬ್ಯಾಟರಿ ಅಳೆಯುವ ಮೀಟರು ಹಿಡಿದು ನಿಂತಿದ್ದಳು. ದೋಣಿ ಬಂದೊಡನೆ ಹತ್ತಿ ಸ್ಟೇರಿಂಗಿನ ಬ್ಯಾಟರಿಗೆ ಮುಟ್ಟಿಸಿ ನೋಡಿದಳು. “ಕೈ ಸರಿಗೈತೆ. ಬ್ಯಾಟರಿ ಇಳಿದೈತೆ. ಕರೆಂಟು ಸಾಲದೆ ಮೋಟರು ಸೋಲ್ತು, ಅದ್ಕೇ ಬಜರು ಕೂಗ್ಕೊಂಡಿದ್ದು.” ಅಲ್ಲಿಂದ ಒಂದು ಕೆಂಪು ವೈರನ್ನು ಬೆರಳಲ್ಲೇ ಹಿಡಿದು ಮೇಲಕ್ಕೆ ಹೋದಳು. ಅದು ಚಪ್ಪರದ ಸೀರಿಯಲ್ ಸೆಟ್ಟಿನಲ್ಲಿ ಮುಗಿಯಿತು. ಹಬ್ಬದ ದಿನ ಹಚ್ಚಿದ ದೀಪ ಆರಿಸಿಯೇ ಇರಲಿಲ್ಲ, ಹಗಲ ಬೆಳಕಿಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಇಂಜಿನ್ ಬ್ಯಾಟರಿ ಹಳೇದು ಕಣವ್ವ,” ಎಂದ ನಿಂಗರಾಜು ತಲೆ ಕೆರೆದುಕೊಂಡು. “ದೇವ್ರ ದೀಪಕ್ಕೆ ಹೊಸ ಬ್ಯಾಟರೀದೇ ಕೊಡಾಣ ಅಂತ...”

“ಲೇ, ದೇವ್ರು ಕೇಳಿದ್ನೇನ್ಲಾ?” ಶಿವಶಂಕರ್ ಹೊಟ್ಟೆ ಹಿಡಿದು ನಕ್ಕ.

ಚೈತ್ರ ಬೈಯಲಿಲ್ಲ. ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಅದು ತುಂಬುವಷ್ಟರಲ್ಲಿ ಬೈಕಿನ ಸಣ್ಣ ಬ್ಯಾಟರಿಯೊಂದನ್ನು ಸೀಟಿನಡಿ ಕೂರಿಸಿ ದೀಪಗಳನ್ನು ಅದಕ್ಕೆ ಕೊಟ್ಟಳು. “ಪೂಜೆ ಬಿಡಿ ಅನ್ನಲ್ಲ ಅಣ್ಣ. ಮುಂದಿನ ವರ್ಷಾನೂ ನೀವೇ ದೀಪ ಬಿಡ್ತೀರಲ್ಲ.”

ಸಂಜೆಯ ಗಾಳಿಗೆ ಅಲೆ ಎದ್ದಿತ್ತು. ನಿಂಗರಾಜು ಎಡಗೈಯೊಂದರಲ್ಲೇ ಚಕ್ರ ಹಿಡಿದು ಡ್ರಮ್ಮಿನ ಸುತ್ತ ದೋಣಿಯನ್ನು ಬಾಗಿಸಿ, ಅದು ಅಲುಗದಂತೆ ಪಕ್ಕಕ್ಕೆ ತಂದು ನಿಲ್ಲಿಸಿದ. ಶಿವಶಂಕರ್ ಕೈಚಾಚಿ ಡ್ರಮ್ಮನ್ನು ಮೇಲಕ್ಕೆತ್ತಿಕೊಂಡ. ದೇವರಾಜುವಿನ ಹೆಸರನ್ನು ಮತ್ತೆ ಎತ್ತಲಿಲ್ಲ.

ಚೈತ್ರ ಈಗ ಪಾಂಡವಪುರದಲ್ಲಿ ಮನೆ ಮಾಡಿಕೊಂಡು, ಹಿನ್ನೀರಿನ ದೋಣಿಗಳ ಸ್ಟೇರಿಂಗು ಮತ್ತು ಇಂಜಿನ್ನುಗಳನ್ನು ನೋಡಿಕೊಳ್ಳುತ್ತಾಳೆ. ಭಾನುವಾರ ಬೆಳಿಗ್ಗೆ ನಿಂಗರಾಜುವಿನ ಹತ್ತಿರ ಈಜು ಕಲಿಯುತ್ತಾಳೆ.