ಹೆಪ್ಪು ಎಂದಿದ್ದು ನಾನು

ಆ ವಿಚಾರಣೆಯ ಕಾಗದ ನೆನಪಾದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಆಗ ನಾನು ಹೈದರಾಬಾದಿನ ಸನತ್‌ನಗರದಲ್ಲಿ ಒಂದು ವನಸ್ಪತಿ ಕಾರ್ಖಾನೆಯ ಕೆಮಿಸ್ಟ್. ಎಣ್ಣೆ ಗಟ್ಟಿಯಾಗಲು ಅದಕ್ಕೆ ಹೈಡ್ರೋಜನ್ ಸೇರಬೇಕು. ಸೇರುವ ಮೊದಲು ಶಕ್ತಿಯ ದೊಡ್ಡ ದಿಬ್ಬವೊಂದನ್ನು ಹತ್ತಬೇಕು. ನಿಕಲ್ ಪುಡಿ ಹಾಕಿದರೆ ತಗ್ಗಿನ ದಾರಿ ಸಿಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಪುಡಿ ಖರ್ಚಾಗುವುದಿಲ್ಲ, ಸೋಸಿ ಮತ್ತೆ ಹಾಕಬಹುದು. ಇದನ್ನು ಬೀದರ್ ಕಡೆಯ ನಮ್ಮ ಆಪರೇಟರ್‌ಗೆ ತಿಳಿಸಲು, "ಮನ್ಯಾಗ ಹಾಲಿಗೆ ಹೆಪ್ಪ ಹಾಕ್ತೀರಲ್ಲ, ಹಂಗ ಅನ್ಕೋರಿ" ಎಂದಿದ್ದೆ. ತಪ್ಪು ಹೋಲಿಕೆ! ಹೆಪ್ಪು ದಿನವೂ ಹೊಸದಾಗಿ ಬೆಳೆಯುತ್ತದೆ, ನಿಕಲ್ ಬೆಳೆಯುವುದಿಲ್ಲ. ಎಣ್ಣೆಯಲ್ಲಿನ ಗಂಧಕ ಮೆತ್ತಿಕೊಂಡರೆ ಪುಡಿ ಇದ್ದಷ್ಟೇ ಇರುತ್ತದೆ, ಆದರೆ ಸತ್ತಿರುತ್ತದೆ.

ಹಾಗೇ ಆಯಿತು. ನಾಲ್ಕು ತಾಸಿನ ಕೆಲಸ ಏಳು ತಾಸಿಗೆ ಬಂತು. ಹೊಸ ಪುಡಿ ತರಿಸಿ ಎಂದು ಮ್ಯಾನೇಜರ್‌ಗೆ ಎರಡು ಸಲ ಬರೆದುಕೊಟ್ಟೆ. "ಖರ್ಚಾಗುವುದಿಲ್ಲ ಎಂದು ನಿಮ್ಮ ಪುಸ್ತಕವೇ ಹೇಳುತ್ತದಲ್ಲ?" ಎಂದು ಹಲ್ಲು ಕಿರಿದ. ಆಮೇಲೆ, ಡ್ಯೂಟಿಯಲ್ಲಿ ನಿದ್ದೆ ಹೊಡೆಯುತ್ತಾನೆ ಎಂದು ಆಪರೇಟರ್‌ಗೇ ಮೆಮೊ ಕೊಟ್ಟ. ಎಂಥ ನಾಚಿಕೆಗೆಟ್ಟ ಮನುಷ್ಯ!

ವಿಚಾರಣೆಯಲ್ಲಿ ಆಪರೇಟರ್ ಗಾಬರಿಯಾಗಿ, ಅಲ್ಲೇ ಕೂತಿದ್ದ ನನ್ನತ್ತ ಕೈ ತೋರಿಸಿ ಕನ್ನಡದಲ್ಲೇ ಹೇಳಿದರು: "ನಾ ಮಲಗಿಲ್ರಿ. ಅಕ್ಕಾರು ಹೇಳಿದಂಗ ಹಳೇ ಹೆಪ್ಪನ ಹಾಕೀನ್ರಿ." ಕನ್ನಡ ಬಾರದ ಗುಮಾಸ್ತ, ಹೆಪ್ಪು ಅಂದರೇನು ಎಂದು ಪಕ್ಕದವನನ್ನು ಕೇಳಿದ. ಅವನು ತೆಲುಗಿನಲ್ಲಿ 'ಪೆರುಗು' ಅಂದ. ಮೊಸರು! ಯಂತ್ರಕ್ಕೆ ಹಳೆಯ ಮೊಸರು ಹಾಕಿದ್ದನ್ನು ಆಪರೇಟರ್ ಒಪ್ಪಿಕೊಂಡಿದ್ದಾನೆ ಎಂದು ಟೈಪಾಯಿತು. ನಾನು ಎದ್ದು ಕೂಗಾಡಿದೆ, ನನ್ನ ಪತ್ರಗಳನ್ನು ತರಿಸಿ ನೋಡಿ ಎಂದೆ. ಟೈಪಾದ ಹೇಳಿಕೆಯನ್ನು ತಿದ್ದಲು ಬರುವುದಿಲ್ಲವಂತೆ! ಪತ್ರಗಳನ್ನಂತೂ ಯಾರೂ ತರಿಸಲಿಲ್ಲ.

ಆಪರೇಟರನ್ನು ಕೆಲಸದಿಂದ ತೆಗೆದರು. ಗೇಟಿನ ಹತ್ತಿರ ಅವರು ನನ್ನನ್ನು ಕೇಳಿದರು: "ನಾ ತಿಳ್ಕೊಂಡಿದ್ದು ತಪ್ಪೇನ್ರಿ, ಅಕ್ಕಾರ?"

"ಇಲ್ರಿ. ನಾ ಹೇಳಿದ್ದ ತಪ್ಪು" ಎಂದೆ. ಅವರು ತಲೆಯಾಡಿಸಿ ಬಸ್‌ ಸ್ಟಾಪಿನ ಕಡೆ ನಡೆದರು.

ಮರುವಾರ ಹೊಸ ಪುಡಿ ಬಂತು. ನಾಲ್ಕೇ ತಾಸಿಗೆ ಎಣ್ಣೆ ಗಟ್ಟಿಯಾಯಿತು. ಮ್ಯಾನೇಜರ್ ಹೊಸ ಆಪರೇಟರ್‌ನ ಬೆನ್ನು ತಟ್ಟಿ ನನ್ನತ್ತ ತಿರುಗಿದ: "ನೋಡಿದಿರಾ? ಎಚ್ಚರವಾಗಿರುವವನು ಬಂದ ಕೂಡಲೇ ಕೆಲಸ ಹೇಗೆ ಬೇಗ ಮುಗಿಯಿತು!"