ಗೋಡೆಯ ಕಡೆ ತಿರುಗಿದ ಒಲೆಗಳು

ಐದು ಕಬ್ಬಿಣದ ಒಲೆಗಳನ್ನು ಎತ್ತಿ ಮೊದಲಿದ್ದ ಹಾಗೆ ಎದುರುಬದುರು ಇಡುವುದು ಒಂದು ಮಧ್ಯಾಹ್ನದ ಕೆಲಸ. ಅಕ್ಕ ಕೇಳಿದಳು, ನಾನು ಮಾಡಲಿಲ್ಲ. ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿಡುವಿತ್ತು, ಮನಸ್ಸಿರಲಿಲ್ಲ.

ನನ್ನಕ್ಕ ಓಬಮ್ಮ ಜಗಳೂರಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳು ಗಂಗಾಳನ್ನು ಕರೆದುಕೊಂಡು ತವರಿಗೆ ಬಂದವಳು, ಮನೆಯ ಪಕ್ಕದ ಖಾಲಿ ಜಾಗಕ್ಕೆ ತಗಡು ಹೊದಿಸಿ ಒಂದು ಒಲೆ ಹಚ್ಚಿದಳು. ಒಂದು ಒಲೆ ಬರಬರುತ್ತಾ ಐದಾಯಿತು. ಓಣಿಯ ಹೆಂಗಸರು ಕೆಲಸಕ್ಕೆ ಬಂದರು. ಚನ್ನಗಿರಿ, ಹೊನ್ನಾಳಿ ಕಡೆಯ ಮದುವೆಗಳಿಗೂ ನಮ್ಮ ಖಡಕ್ ರೊಟ್ಟಿಯ ಕಟ್ಟುಗಳು ಹೋಗತೊಡಗಿದವು.

ರೊಟ್ಟಿ ಬಡಿಯುವಾಗ ಅಕ್ಕ ಕೈ ನೋಡುತ್ತಿರಲಿಲ್ಲ. ಎದುರಿಗೆ ಕೂತವರ ಮುಖ ನೋಡುತ್ತಿದ್ದಳು. ಬಾಯಿ ಮಾತಾಡುತ್ತಿತ್ತು, ಕೈ ಪಟಪಟ ಬಡಿಯುತ್ತಿತ್ತು, ರೊಟ್ಟಿ ತಾನೇ ಸುತ್ತು ತಿರುಗಿ ಅಗಲವಾಗುತ್ತಿತ್ತು. ಒಲೆಗಳನ್ನು ಎದುರುಬದುರು ಹೂಡಿದ್ದೇ ಅದಕ್ಕೆ.

ಮಮ್ತಾಜ್ ಹೊಸದಾಗಿ ಬಂದಾಗ ಅವಳ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು.

"ಓಬಕ್ಕ, ನಂದು ನಾಯಿ ಕಚ್ಚಿ ಬಿಟ್ಟಂಗೈತೆ."

"ನಾಯಿನೂ ತಿನ್ನದಂಗೆ ಬಿಟ್ಟೈತೆ ಅಂದ್ರೆ ನೀನೇ ತಿಳ್ಕ," ಅಂದಳು ಅಕ್ಕ. "ಕೈ ನೋಡಬ್ಯಾಡ ಕಣೆ. ನನ್ನ ಮಕ ನೋಡ್ಕಂಡು ಏನಾರ ಮಾತಾಡು."

"ಏನು ಮಾತಾಡ್ಲಿ?"

"ನಿಮ್ಮತ್ತೇನ ಬೈಯಿ."

ಮಮ್ತಾಜ್ ಮೊದಲು ನಾಚಿಕೊಂಡೇ ಶುರು ಮಾಡಿದಳು. ಬೈಗುಳ ಏರಿದ ಹಾಗೆಲ್ಲ ಕೈ ಹಗುರಾಯಿತು. ಅಕ್ಕ ಆ ರೊಟ್ಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು: "ಅತ್ತೆ ಪುಣ್ಯಾತ್ಗಿತ್ತಿ ಕಣ್ರೇ, ನೋಡ್ರಿ ಎಷ್ಟು ದುಂಡಗೆ ಬಂದೈತೆ!"

ದಿನದ ಮೊದಲ ರೊಟ್ಟಿ ಯಾವ ಗಿರಾಕಿಗೂ ಹೋಗುತ್ತಿರಲಿಲ್ಲ. ಯಾರ ಹಂಚಿನ ಮೇಲೆ ಮೊದಲು ಉಬ್ಬುತ್ತದೋ ಅವರು ಅದನ್ನು ಮುರಿದು, ಶೇಂಗಾ ಚಟ್ನಿಪುಡಿ, ಎಣ್ಣೆ ಹಾಕಿ ಎಲ್ಲರ ಕೈಗೂ ಕೊಡಬೇಕು. ಅದನ್ನು ಕೊಡುವ ಹೆಚ್ಚುಗಾರಿಕೆಗೆ ದಿನಾ ಪೈಪೋಟಿ. ಹೆಚ್ಚಾಗಿ ಗೆಲ್ಲುತ್ತಿದ್ದವಳು ಕೆಂಚಮ್ಮ. "ಲೇ ಕೆಂಚವ್ವ, ಮನೆಯಿಂದ್ಲೇ ಹಂಚು ಕಾಸ್ಕಂಡು ಬಂದೀಯೇನೇ?" ಎಂದು ಅಕ್ಕ ಕಾಡಿಸುತ್ತಿದ್ದಳು. ಕೆಲಸಕ್ಕೆ ಬರುವ ಹೆಂಗಸರು ಹೀಗೆ ಬೇಗ ಬೇಗ ಹೆಜ್ಜೆ ಹಾಕಿಕೊಂಡು ಬರುವುದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಬೇರೆ ಕಡೆ ಅಂದರೆ ನಾನು ಕಂಡಿದ್ದು ಒಂದೇ ಜಾಗ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಪರವೂರಿನ ಬಟ್ಟೆ ಕಾರ್ಖಾನೆಯೊಂದರಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಅಲ್ಲಿ ಎಲ್ಲರೂ ಮುಂದಿನವರ ಬೆನ್ನು ನೋಡಿಕೊಂಡು ಕೆಲಸ ಮಾಡಬೇಕು. ಮಾತಾಡಿದರೆ ಸೂಪರ್‌ವೈಸರ್ ಮೇಜು ಕುಟ್ಟುತ್ತಿದ್ದ. ನೀರು ಕುಡಿಯಲೂ ಕೈ ಎತ್ತಿ ಕೇಳಬೇಕು. ಒಳಗೆ ಕಾಲಿಟ್ಟ ಕೂಡಲೇ ಸಂಜೆಗೆ ಕಾಯಲು ಶುರು. ಒಂದು ಅಂಗಿ ಚೆನ್ನಾಗಿ ಆಯಿತೆಂದು ಖುಷಿಪಟ್ಟ ನೆನಪಿಲ್ಲ. ತಡೆಯಲಾರದೆ ಬಿಟ್ಟು ಬಂದೆ.

ಅಕ್ಕ ಏನೂ ಕೇಳಲಿಲ್ಲ. "ಹೊರಗಿಂದು ನೀನು ನೋಡ್ಕ, ಒಳಗಿಂದು ನಾನು ನೋಡ್ಕಂತೀನಿ," ಅಂದಳು. ಆರ್ಡರ್ ಹಿಡಿಯುವುದು, ಕಟ್ಟು ಮುಟ್ಟಿಸುವುದು ನನ್ನ ಪಾಲಿಗೆ ಬಂತು.

ಆರ್ಡರ್ ಹೆಚ್ಚಾದವು, ನನ್ನ ಗತ್ತೂ ಹೆಚ್ಚಾಯಿತು. ಶೆಡ್‌ಗೆ ಹೋದಾಗಲೆಲ್ಲ ನನಗೆ ರೊಟ್ಟಿ ಕಾಣುತ್ತಿರಲಿಲ್ಲ, ಅವರ ಮಾತೇ ಕೇಳುತ್ತಿತ್ತು. ಇಷ್ಟು ಮಾತಾಡುವವರು ಸುಮ್ಮನಿದ್ದರೆ ಇನ್ನೆಷ್ಟು ರೊಟ್ಟಿ ಆಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಗಂಗಾಳನ್ನು ಸವಳಂಗಕ್ಕೆ ಕೊಟ್ಟಿತ್ತು. ಅವಳ ಸೀಮಂತಕ್ಕೆಂದು ಅಕ್ಕ ಅಲ್ಲಿಗೆ ಹೋದಾಗ, ಐದೂ ಒಲೆಗಳನ್ನು ಎಳೆದು ಒಂದೊಂದನ್ನೂ ಗೋಡೆಗೆ ಮುಖ ಮಾಡಿ ಇಟ್ಟೆ. ಮೊದಲ ರೊಟ್ಟಿ ಮುರಿದು ಹಂಚುವುದನ್ನೂ ನಿಲ್ಲಿಸಿದೆ. ಯಾವ ಜಾಗವನ್ನು ತಡೆಯಲಾರದೆ ಓಡಿ ಬಂದಿದ್ದೆನೋ, ಅದನ್ನೇ ಹೊತ್ತು ತಂದು ಅಕ್ಕನ ಶೆಡ್‌ನಲ್ಲಿ ಇಳಿಸಿದ್ದೆ. ಆಗ ಅದು ಹೊಳೆಯಲಿಲ್ಲ.

ಸವಳಂಗದಿಂದ ಬಂದ ಅಕ್ಕ ಬಾಗಿಲಲ್ಲೇ ನಿಂತಳು.

"ಇದೇನ್ಲೇ ತಿಪ್ಪೇಶಿ, ಎಲ್ಲಾರೂ ಮುನಿಸ್ಕಂಡಾರೇನು?"

"ಮಾತು ಜಾಸ್ತಿ ಆಗಿತ್ತಕ್ಕ. ಫ್ಯಾಕ್ಟ್ರಿಯಾಗೆ ಹಿಂಗೇ ಕೂರಿಸ್ತಾರೆ."

"ಆ ಫ್ಯಾಕ್ಟ್ರಿ ಬಿಟ್ಟು ಓಡಿ ಬಂದೋನು ನೀನೇ ಅಲ್ಲೇನೋ?"

ಗೋಡೆ ನೋಡುತ್ತಿದ್ದ ಹೆಂಗಸರೆಲ್ಲ ನಕ್ಕರು. ಅಕ್ಕ ಚುಚ್ಚಬೇಕೆಂದು ಅಂದವಳಲ್ಲ. ಆದರೆ ಆ ನಗು ನನಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು.

"ಅಕ್ಕ ಅನ್ನೋದು ಮನೇಲಿ," ಅಂದೆ. "ಇಲ್ಲಿ ನೀನೂ ಎಲ್ಲಾರಂಗೆ ಕೆಲಸದಾಕಿ. ಕೂತ್ಕ."

ಅವಳೇ ಕಟ್ಟಿದ ಶೆಡ್‌ನಲ್ಲಿ ನಿಂತು ನಾನು ಆ ಮಾತು ಆಡಿದೆ. ಯಾರೂ ನಗಲಿಲ್ಲ. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಗೆ ಮುಖ ಮಾಡಿ ಕೂತಳು.

ಮೊದಲ ವಾರ ರೊಟ್ಟಿ ಹೆಚ್ಚಾಗಿಯೇ ಬಂದವು. ಗೆದ್ದೆ ಅಂದುಕೊಂಡೆ. ಆಮೇಲೆ ಒಂದೊಂದೇ ಕೆಡುತ್ತಾ ಹೋಯಿತು. ಮೊದಲೆಲ್ಲ ಮಮ್ತಾಜಳ ಒಲೆ ಆರುತ್ತಾ ಬಂದರೆ ಕೆಂಚಮ್ಮ ತನ್ನ ಒಲೆಯ ಕೊಳ್ಳಿಯನ್ನೇ ತೆಗೆದು ಅತ್ತ ತಳ್ಳುತ್ತಿದ್ದಳು. ಈಗ ಪಕ್ಕದ ಹಂಚಿನ ರೊಟ್ಟಿ ಸೀದು ವಾಸನೆ ಬಂದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕೆಂಚಮ್ಮನಿಗೆ ಸೋಮವಾರ ಬಂದರೆ ಮಂಡಿನೋವು. ಮಮ್ತಾಜ್ ಹೊಗೆಗೆ ಮುಖ ಮುರಿದುಕೊಂಡು, "ಟೈಮ್ ಎಷ್ಟಾತಣ್ಣ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಇಸ್ತ್ರಿ ಮೇಜಿನ ಮುಂದೆ ನಾನೂ ಅದನ್ನೇ ಕೇಳುತ್ತಿದ್ದೆ.

ಅಕ್ಕನೂ ಬದಲಾದಳು. ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಎಲ್ಲರ ಜೊತೆ ಬಂದು ಎಲ್ಲರ ಜೊತೆ ಏಳತೊಡಗಿದಳು. ಒಂದು ದಿನ ನಾದಿದ ಹಿಟ್ಟನ್ನು ಹಾಗೇ ಮುಚ್ಚಿಟ್ಟು ಎದ್ದಳು.

"ಅಕ್ಕ, ಹಿಟ್ಟು ಉಳಿದೈತಲ್ಲ?"

"ನಾಳೆ ಬಡದ್ರಾತು ಬಿಡ್ರಿ."

ನಾದಿದ ಜೋಳದ ಹಿಟ್ಟು ನಾಳೆಗೆ ಹುಳಿಯಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಆದರೆ ನನ್ನನ್ನು ತಟ್ಟಿದ್ದು ಹಿಟ್ಟಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮನಿಗೆ ಅವಳು 'ರಿ' ಹಚ್ಚಿದ್ದಳು.

ಮನೆಯಲ್ಲಿ ಮಾತ್ರ ಹಳೆಯ ಅಕ್ಕನೇ. ಊಟಕ್ಕೆ ಬಡಿಸುತ್ತಾ, "ಒಲೆ ತಿರುಗ್ಸೋ ತಮ್ಮ," ಅನ್ನುತ್ತಿದ್ದಳು. "ಗೋಡೆ ನೋಡ್ಕಂಡು ಕೂತ್ರೆ ಕೈಗೆ ಬ್ಯಾಸರ ಬರ್ತೈತೆ. ಯಾವಾಗ ಮುಗೀತೈತಪ್ಪ ಅನಸ್ತೈತೆ. ನನಗೆ ಯಾವತ್ತೂ ಹಂಗೆ ಅನಿಸಿದ್ದಿಲ್ಲ." ಈ ಮದುವೆ ಸೀಜನ್ ಮುಗಿಯಲಿ, ನೋಡೋಣ ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ, ಒಲೆ ತಿರುಗಿಸಿದರೆ ಆ ಹೆಂಗಸರು ಮತ್ತೆ ನನ್ನನ್ನು ನೋಡಿ ನಗುತ್ತಾರೆಂಬ ಹೆದರಿಕೆ.

ಸೀಜನ್ ಮುಗಿಯುವ ಮೊದಲೇ ಚನ್ನಗಿರಿಯ ಮದುವೆ ಮನೆಯಿಂದ ಕಟ್ಟುಗಳು ವಾಪಸ್ ಬಂದವು. ಅಂಚು ದಪ್ಪ, ನಡುವೆ ಹಸಿ. ಎಲ್ಲರ ಎದುರಿಗೇ ಅಕ್ಕನ ಮೇಲೆ ಕೂಗಾಡಿದೆ. ಅವಳು ಒಂದು ರೊಟ್ಟಿ ಮುರಿದು ನೋಡಿದಳು. "ನಂದೇ," ಅಂದಳು, ಅಷ್ಟೇ. ಯುಗಾದಿ ಮುಗಿಸಿ ಮಗಳ ಬಾಣಂತನಕ್ಕೆಂದು ಸವಳಂಗಕ್ಕೆ ಹೋದವಳು ತಿರುಗಿ ಬರಲಿಲ್ಲ. ಅವಳ ಹಿಂದೆಯೇ ಮಮ್ತಾಜ್, ಕೆಂಚಮ್ಮ ಬಿಟ್ಟರು. ಬದಲಿಗೆ ಬಂದವರು ಯಾರೂ ನಿಲ್ಲಲಿಲ್ಲ. ನಾನು ಫೋನ್ ಮಾಡಿದಾಗಲೆಲ್ಲ ಕೇಳಿದ್ದು ಯಾವಾಗ ಬರ್ತೀಯ ಎಂದು. ಯಾಕೆ ಹೋದೆ ಎಂದು ಕೇಳುವ ಧೈರ್ಯವಾಗಲಿಲ್ಲ.

ಹೋದ ವರ್ಷ ಮೆಕ್ಕೆಜೋಳದ ಸುಗ್ಗಿಯಲ್ಲಿ ಅವಳನ್ನು ಕರೆತರಲೇಬೇಕೆಂದು ಹೊರಟೆ. ದೊಡ್ಡ ಆರ್ಡರ್ ಒಂದು ಬಂದಿತ್ತು. ದಾವಣಗೆರೆಯಲ್ಲಿ ಬಸ್ ಬದಲಿಸಿ, ಹೊನ್ನಾಳಿ, ನ್ಯಾಮತಿ ದಾಟಿ ಸವಳಂಗದಲ್ಲಿ ಇಳಿಯುವವರೆಗೂ ಹೇಗೆ ಒಪ್ಪಿಸುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಮನೆಯಲ್ಲಿ ಗಂಗಾ ಒಬ್ಬಳೇ ಇದ್ದಳು. "ಅವ್ವ ತೆನೆ ಸುಲಿಯಾಕೆ ಕೂಲಿಗೆ ಹೋಗ್ಯಾಳೆ ಮಾವ."

"ಕೂಲಿಗಾ? ಸ್ವಂತ ಶೆಡ್ ಇಟ್ಕಂಡು?"

"ನಾವೂ ಬ್ಯಾಡ ಅಂತೀವಿ. ಕೇಳಂಗಿಲ್ಲ. ಮನೇಲಿ ಕೇಳಿದ್ರೆ ರೊಟ್ಟಿ ಮಾಡ್ತಾಳೆ, ಮಾರಾಕೆ ಮಾತ್ರ ಇನ್ನು ಬಡಿಯಂಗಿಲ್ಲ ಅಂತಾಳೆ."

ಸಿಟ್ಟಿನಲ್ಲೇ ಹೊಲದ ಕಡೆ ನಡೆದೆ. ಅಕ್ಕ ಕಾಣುವ ಮೊದಲು ಅವಳ ನಗು ಕೇಳಿಸಿತು. ತೆನೆಯ ರಾಶಿಯ ಸುತ್ತ ಹೆಂಗಸರು ಕೂತಿದ್ದರು. ಅಕ್ಕ ಬಿಸಿಲಿಗೆ ಕಪ್ಪಾಗಿ ಇಳಿದು ಹೋಗಿದ್ದಳು. ಸಿಪ್ಪೆ ಸುಲಿಯುತ್ತಾ ಎದುರಿನವಳಿಗೆ ಏನೋ ಹೇಳಿ, ತಾನೇ ಮೊದಲು ನಗುತ್ತಿದ್ದಳು. ನಾನು ಬದುವಿನ ಮೇಲೆ ನಿಂತುಬಿಟ್ಟೆ. ವಯಸ್ಸಾಯಿತು, ಅಕ್ಕನಿಗೆ ದುಡಿಮೆ ಸಾಕಾಗಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಸಾಕಾಗಿದ್ದು ದುಡಿಮೆಯಲ್ಲ.

ನನ್ನನ್ನು ಕಂಡು ನಗು ನಿಂತಿತು.

"ಯಾರೇ ಓಬಕ್ಕ?" ಅಂದಳು ಪಕ್ಕದಲ್ಲಿದ್ದವಳು.

"ನಮ್ಮ ಮಾಲೀಕ್ರು," ಅಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಏನ್ರಿ, ಆರ್ಡರ್ ಬಂದೈತೇನು?"

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತನ್ನೆಲ್ಲ ಬಿಟ್ಟೆ. ಅವಳನ್ನು ಪಕ್ಕಕ್ಕೆ ಕರೆದು ತಪ್ಪಾಯಿತೆಂದು ಮೆಲ್ಲಗೆ ಹೇಳಬಹುದಿತ್ತು. ಆದರೆ ಅವತ್ತು ನಾನು ಅಂದಿದ್ದು ಮೆಲ್ಲಗಲ್ಲ, ಎಲ್ಲರ ಎದುರಿಗೆ. ಬದುವಿನಿಂದ ಇಳಿದು ಆ ಹೆಂಗಸರ ನಡುವೆ ಹೋಗಿ ನಿಂತೆ.

"ಮಾಲೀಕ ಅಲ್ರವ್ವ, ನಾನು ಈಕಿ ತಮ್ಮ," ಅಂದೆ. "ಈಕಿ ಕಟ್ಟಿದ ಶೆಡ್‌ನಾಗೆ ನಿಂತ್ಕಂಡು ಈಕಿಗೇ ಕೆಲಸದಾಕಿ ಅಂದೆ. ಅಕ್ಕ, ನಿನ್ನ ಕರ್ಕಂಡು ಹೋಗಾಕೆ ಬಂದಿದ್ದೆ, ಈಗ ಕರೆಯಂಗಿಲ್ಲ. ನಿನ್ನ ಜೀವ ಇದ್ದ ಕೆಲಸಾನ ನಿನಗೆ ಬ್ಯಾಡ ಅನಸಂಗೆ ಮಾಡಿದೋನು ನಾನು. ತಪ್ಪಾತಕ್ಕ."